ಎದೆಬಡಿತದ ಚೀಟಿ

ಪ್ರತಿ ತಿಂಗಳಂತೆ ಗ್ರಂಥಾಲಯದಿಂದ ಎದೆಬಡಿತದ ಚೀಟಿ ಬಂತು. ಹೆಂಡತಿ ಸುವರ್ಣಮ್ಮ ಓದಿದ ಪುಸ್ತಕಗಳ ಯಾವ ಪುಟದಲ್ಲಿ ಅವಳ ಎದೆ ಎಷ್ಟು ಹೊಡೆದುಕೊಂಡಿತು ಎಂಬುದೆಲ್ಲ ಅದರಲ್ಲಿತ್ತು. ಹಾಲೇಶಪ್ಪ ಕನ್ನಡಕ ಏರಿಸಿಕೊಂಡು ಮೊದಲು ಪ್ರೇಮ ಕಾದಂಬರಿಗಳನ್ನೇ ಹಿಡಿದ. ಆರು ಕಾದಂಬರಿ, ಆರು ಜನ ನಾಯಕರು. ಒಬ್ಬನಿಗೂ ಅವಳ ಎದೆ ಜಗ್ಗಿರಲಿಲ್ಲ. ಮುತ್ತಿಡುವ ಪುಟದಲ್ಲಂತೂ ನಿದ್ದೆ ಹೋಗಿದ್ದಳು.

ಸದ್ಯ, ಎಂದುಕೊಂಡ. ಉಳಿದದ್ದು ಒಂದು ಮಾಯಾಲೋಕದ ಕಥೆ. ಅದರ ನೂರಾ ಹನ್ನೆರಡನೇ ಪುಟದಲ್ಲಿ ಎದೆ ನಗಾರಿಯಾಗಿತ್ತು. ಆ ಪುಟವನ್ನು ಏಳು ಸಲ ಓದಿದ್ದಳು.

"ಏನೈತೆ ಆ ಪುಟದಾಗೆ?"

"ಏನಿಲ್ಲ ಬಿಡ್ರಿ," ಸುವರ್ಣಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದಳು. "ರಾಣಿ ಮಹಡಿ ಹತ್ತಿ, ಹದ್ದಿನ ಬೆನ್ನೇರಿ ಒಬ್ಬಳೇ ಹೊರಟುಹೋಗ್ತಾಳೆ."

ಹಾಲೇಶಪ್ಪ ಎದ್ದು ಹೋಗಿ ತಾರಸಿ ಬಾಗಿಲಿಗೆ ಬೀಗ ಜಡಿದು ಬಂದ.