ವನಮಾಲಾ ಅಜ್ಜಿಯ ಮೂರು ಮೀಟರ್

ವನಮಾಲಾ ಅಜ್ಜಿ ತನ್ನನ್ನು ಬೇಕೆಂದೇ ಫೇಲು ಮಾಡಿಸಲು ಹೊರಟಿದ್ದಾರೆ ಎಂಬುದು ಪ್ರಣೀತಾಳಿಗೆ ನಾಲ್ಕನೆಯ ಶನಿವಾರ ಖಾತ್ರಿಯಾಯಿತು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ತಲೆಯೆತ್ತಿದರೆ, ಐದು ನಿಮಿಷದ ಹಿಂದೆ ಹೆಜ್ಜೆ ಎತ್ತಿಡಲೂ ತಿಣುಕಿದ್ದ ಅಜ್ಜಿ, ಹಪ್ಪಳದ ಮೊರ ಹಿಡಿದು ಸರಸರನೆ ತಾರಸಿಗೆ ಏರುತ್ತಿದ್ದರು.

ಪ್ರಣೀತಾ ಫಿಸಿಯೋಥೆರಪಿ ವಿದ್ಯಾರ್ಥಿನಿ. ಹಿರಿಯರ ಆರೈಕೆಯ ಪಾಠ ಮಾಡುವ ಸುಪರ್ಣಾ ಮ್ಯಾಡಮ್ ಇಟ್ಟ ಪರೀಕ್ಷೆ ಸರಳವಾಗಿತ್ತು: ಎಪ್ಪತ್ತು ದಾಟಿದ ಒಬ್ಬರನ್ನು ಹುಡುಕಿಕೊಳ್ಳಿ, ಒಂದು ತಿಂಗಳು ವ್ಯಾಯಾಮ ಮಾಡಿಸಿ, ಕೊನೆಯ ದಿನ ನಾನೇ ಮನೆಗೆ ಬಂದು ನೋಡುತ್ತೇನೆ. ವಾರವಾರವೂ ಒಂದು ಅಳತೆ. ಅಜ್ಜಿ ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಮ್ಯಾಡಮ್ ಕೊಟ್ಟ ಹಾಳೆಯಲ್ಲಿ ಬರೆಯಬೇಕು. ಸೆಕೆಂಡು ಇಳಿದರೆ ಕಾಲಿಗೆ ಬಲ ಬಂತೆಂದು ಅರ್ಥ.

ಕಳೆದ ವರ್ಷ ಇದೇ ವಿಷಯದಲ್ಲಿ ಅವಳು ಡುಮ್ಕಿ ಹೊಡೆದಿದ್ದಳು. ಮತ್ತೊಮ್ಮೆ ಹೊಡೆದರೆ ಓದು ಬಿಡಿಸಿ ಬ್ಯಾಂಕ್ ಪರೀಕ್ಷೆಗೆ ಕೂರಿಸುತ್ತೇನೆಂದು ಬ್ಯಾಂಕಿನಲ್ಲೇ ತಲೆ ನರೆಸಿಕೊಂಡ ಅಪ್ಪ ಹೇಳಿಯಾಗಿತ್ತು. ಈ ಅಜ್ಜಿಯನ್ನು ಹುಡುಕಿಕೊಟ್ಟವರೂ ಅಪ್ಪನೇ. ಕೋಲ್ಕತ್ತಾದ ಕಸ್ಬಾದಲ್ಲಿ ಅವರು ಊಟ ಮಾಡುವ ಉಡುಪಿ ಹೋಟೆಲಿನ ದಿನೇಶಣ್ಣನ ತಾಯಿ. ಕೆಳಗೆ ಹೋಟೆಲು, ಮೇಲೆ ಮನೆ.

"ಕಳೆದ ಸಲ ಫೇಲಂತೆ ನೀನು?" ಮೊದಲ ದಿನ ಅಜ್ಜಿ ಬಾಗಿಲಲ್ಲೇ ಕೇಳಿದ್ದರು. "ಎಷ್ಟು ಬಂದಿತ್ತು?"

"ಎಯ್ಟ್."

"ಎಷ್ಟಕ್ಕೆ?"

"ಟ್ವೆಂಟಿಗೆ, ಅಜ್ಜಿ."

"ಛೆ. ಬಾ, ದೋಸೆ ತಿನ್ನು."

ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ಅಜ್ಜಿ ನೀರುದೋಸೆ ಹುಯ್ದು ಮುಚ್ಚಿಡುತ್ತಿದ್ದರು, ಎಣಿಸಿ ತೆಗೆಯುತ್ತಿದ್ದರು. ಒಂದೂ ಸೀಯಲಿಲ್ಲ, ಒಂದೂ ಹಸಿ ಉಳಿಯಲಿಲ್ಲ. ಪ್ರಣೀತಾ ನಾಲ್ಕು ತಿಂದಳು.

ಕೋಲ್ಕತ್ತಾದಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಕೇಳಿದರೆ ಚೆನ್ನಾಗಿ ತಿಳಿಯುತ್ತಿತ್ತು, ಮಾತಾಡುವುದು ಅಷ್ಟಕ್ಕಷ್ಟೆ. ಅಳತೆಯ ಮರ್ಮವನ್ನೆಲ್ಲ ವಿವರಿಸುವ ಗೋಜಿಗೆ ಹೋಗದೆ ಸ್ಟಾಪ್‌ವಾಚ್ ಹಿಡಿದಳು. "ನಡೀರಿ ಅಜ್ಜಿ. ಜಲ್ದಿ ಬೇಡ, ಬೀಳ್ತೀರಿ. ಆರಾಮಾಗಿ."

ಅಜ್ಜಿ ನಡೆದು ಬಂದು ಕೂತರು. "ಎಷ್ಟು ಬಂತು?"

"ಹನ್ನೆರಡು," ಎಂದು ಪ್ರಣೀತಾ ಹಾಳೆಯಲ್ಲಿ ಬರೆದಳು.

"ಅಷ್ಟೇಯಾ?"

ಅದೇ ದಿನ ಅವಳು, ಪಾಠದಲ್ಲಿ ಕಲಿತಂತೆ, ಜಾರುವ ಕಾಲೊರಸನ್ನು ತೆಗೆಸಿದಳು. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಲು ಅಜ್ಜಿ ಹತ್ತುತ್ತಿದ್ದ ಸ್ಟೂಲನ್ನೂ ಕೆಳಗಿನ ಹೋಟೆಲಿಗೆ ಸಾಗಿಸಿದಳು. ಅದು ಮೆಟ್ಟಿಲಿಳಿದು ಹೋಗುವುದನ್ನು ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು.

ಎರಡನೆಯ ವಾರ ಹದಿನಾಲ್ಕು ಸೆಕೆಂಡು. ಮೂರನೆಯ ವಾರ ಹದಿನಾರು. ನಾಲ್ಕನೆಯ ವಾರ ಹದಿನೆಂಟು. ನಡೆಯುವಾಗ ಅಜ್ಜಿಯ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು; ದೇವರ ನಾಮವಿರಬೇಕು ಎಂದುಕೊಂಡಳು ಪ್ರಣೀತಾ. ಕೂತ ಕೂಡಲೇ ಅದೇ ಪ್ರಶ್ನೆ, ಎಷ್ಟು ಬಂತು. ಉತ್ತರ ಕೇಳಿ ಅಜ್ಜಿಯ ಮುಖ ಅರಳುತ್ತಿತ್ತು. ಪ್ರಣೀತಾ ಮುಖ ಬಾಡಿಸಿಕೊಂಡು ಹಾಳೆ ತುಂಬಿಸುತ್ತಿದ್ದಳು.

ಕಾಯಿಲೆಯಾದರೆ ಹೀಗೆ ತಪ್ಪದೆ ಎರಡೆರಡೇ ಏರುತ್ತದೆಯೇ? ಈಗ ನೋಡಿದರೆ ತಾರಸಿಗೆ ಓಟ. ಒಂದು ಸ್ಟೂಲಿಗಾಗಿ ಇಷ್ಟು ಹಗೆಯೇ? ಸದರ್ನ್ ಅವೆನ್ಯೂವಿನ ಮನೆಗೆ ಹಿಂತಿರುಗುವ ಆಟೋದಲ್ಲಿ ಕೂತು ಅವಳು ಅತ್ತೇಬಿಟ್ಟಳು.

ಐದನೆಯ ಶನಿವಾರ, ಮ್ಯಾಡಮ್ ಬರುವ ಮೊದಲೇ, ಸ್ಟೂಲನ್ನು ತಾನೇ ಹೊತ್ತು ಮೆಟ್ಟಿಲೇರಿದಳು.

"ಸಾರಿ ಅಜ್ಜಿ. ಇವತ್ತು ಪ್ಲೀಸ್, ಚೆನ್ನಾಗಿ ಮಾಡಿ."

"ಎಂತಕ್ಕೆ ಸಾರಿ? ಅದು ಅಲ್ಲಾಡ್ತದೆ, ನೀನು ತೆಗ್ಸಿದ್ದೇ ಒಳ್ಳೇದಾಯ್ತು." ಅಜ್ಜಿ ಸೆರಗು ಸಿಕ್ಕಿಸಿಕೊಂಡರು. "ಹೆದರ್ಬೇಡ ಮಾರಾಯ್ತಿ. ಇವತ್ತು ನೋಡು ನನ್ನ ಕೆಲಸ."

ಸ್ಟೂಲಿನ ಹಗೆಯಲ್ಲವಾದರೆ ಮತ್ತೇನು? ಯೋಚಿಸಲು ಹೊತ್ತಿರಲಿಲ್ಲ. ಸುಪರ್ಣಾ ಮ್ಯಾಡಮ್ ಬಂದು ಕೂತು ತಮ್ಮದೇ ಸ್ಟಾಪ್‌ವಾಚ್ ತೆಗೆದರು.

ಅಜ್ಜಿ ಎದ್ದರು. ಒಂದು ಹೆಜ್ಜೆ ಇಟ್ಟು ನಿಂತರು. ಇನ್ನೊಂದು ಇಟ್ಟರು. ತಿರುಗಲು, ಇಕ್ಕಟ್ಟಿನ ಗಲ್ಲಿಯಲ್ಲಿ ಸಿಕ್ಕಿಕೊಂಡ ಬಸ್ಸಿನಷ್ಟು ಹೊತ್ತು ತೆಗೆದುಕೊಂಡರು. ತುಟಿ ಅಲ್ಲಾಡುತ್ತಲೇ ಇತ್ತು. ಕುರ್ಚಿಯ ಮುಂದೆ ಬಂದು ಇನ್ನೂ ಒಂದು ಗಳಿಗೆ ತಡೆದು, ಆಮೇಲೆ ಕೂತರು.

ಸರಿಯಾಗಿ ಇಪ್ಪತ್ತು ಸೆಕೆಂಡು.

ಮ್ಯಾಡಮ್ ಹಾಳೆಯ ಮೇಲೆ ಕಣ್ಣಾಡಿಸಿದರು. "ಒಂದೇ ತಿಂಗಳಲ್ಲಿ ಇಷ್ಟು ಕೆಟ್ಟಿತೇ?" ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಕೇಳಿದರು. ಪ್ರಣೀತಾಳ ಕಣ್ಣು ತುಂಬಿತು. ಅಪ್ಪನ ಮೇಜಿನ ಮೇಲೆ ಕಾದು ಕೂತಿರುವ ಬ್ಯಾಂಕ್ ಪರೀಕ್ಷೆಯ ಗೈಡು ನೆನಪಾಯಿತು.

ಅಷ್ಟರಲ್ಲಿ ಸೀದ ವಾಸನೆ ಬಂತು. ಮ್ಯಾಡಮ್‌ಗೆಂದು ಹುಯ್ದ ದೋಸೆ. ಅಜ್ಜಿ ಕುರ್ಚಿಯಿಂದ ಎದ್ದದ್ದೂ ಒಲೆಯ ಮುಂದಿದ್ದದ್ದೂ ಒಂದೇ ಆಯಿತು.

ಮ್ಯಾಡಮ್ ಸ್ಟಾಪ್‌ವಾಚನ್ನು ಮತ್ತೆ ಸೊನ್ನೆಗೆ ತಂದರು. ಅಜ್ಜಿ ತಟ್ಟೆಯೊಂದಿಗೆ ಹಿಂತಿರುಗಿದಾಗ, ಇದೇ ವೇಗದಲ್ಲಿ ಇನ್ನೊಮ್ಮೆ ನಡೆಯಲು ಹೇಳೆಂದು ಪ್ರಣೀತಾಳಿಗೆ ಸನ್ನೆ ಮಾಡಿದರು.

"ನಡೀತೇನೆ," ಎಂದರು ಅಜ್ಜಿ ಒಲ್ಲದ ಮನಸ್ಸಿನಿಂದ. "ಆದ್ರೆ ಅದನ್ನು ಬರೀಬಾರ್ದು, ಹೇಳು ಅವ್ರಿಗೆ."

ಒಂಬತ್ತು ಸೆಕೆಂಡು.

ಮ್ಯಾಡಮ್‌ಗೆ ನಗು ತಡೆಯಲಾಗಲಿಲ್ಲ. ಹಾಳೆಯಲ್ಲಿ ಅಂಕದ ಜಾಗವಿನ್ನೂ ಖಾಲಿಯಿತ್ತು. ಪೆನ್ನು ಹಿಡಿದುಕೊಂಡೇ, ಇಷ್ಟು ಗಟ್ಟಿ ಕಾಲನ್ನು ಒಂದು ತಿಂಗಳು ಯಾಕೆ ಬಚ್ಚಿಟ್ಟರು, ಕೇಳು ಎಂದರು. ಪ್ರಣೀತಾ ಕೇಳಿದಳು.

"ಒಂಬತ್ತು ಬಂದ್ರೆ ನೀನು ಪುನಃ ಫೇಲಲ್ವಾ ಮಗಾ?" ಅಜ್ಜಿ ಅವಳ ಕೆನ್ನೆ ಒರೆಸಿದರು. "ಅದಕ್ಕೇ ದೋಸೆಗೆ ಎಣಿಸಿದ ಹಾಗೆ ಎಣಿಸಿಕೊಂಡು ನಡೆದು, ವಾರಕ್ಕೆ ಎರಡೆರಡು ಜಾಸ್ತಿ ಮಾಡಿ, ಇವತ್ತು ಇಪ್ಪತ್ತಕ್ಕೆ ಇಪ್ಪತ್ತು ತಂದುಕೊಟ್ಟೆ."