ಮೂವತ್ತು ದಿನಗಳಲ್ಲಿ ಸೇನಾಧಿಕಾರಿ

ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿ ಮುಗಿಸುವ ತನಕ ಅವನು ಕೋಣೆಯ ಬಾಗಿಲು ತೆಗೆಯಲಿಲ್ಲ. ಹೊರಗಿನಿಂದ ಹೆಂಡತಿ ಮೂರನೆಯ ಸಲ ತಟ್ಟಿದಳು.

“ಏನ್ರೀ ಅದು ಗುಟ್ಟು? ಪ್ರೇಮಪತ್ರ ಬರೀತಿದ್ರೆ ಬಾಗಿಲು ತೆಗೀರಿ, ಕಾಗುಣಿತ ನಾನು ತಿದ್ದಿಕೊಡ್ತೀನಿ.”

ತೆಗೆದ. ಅವಳು ಹೊದಿಕೆ ಸರಿಸಿ ಹೆಸರು ಓದಿದಳು: ‘ಮೂವತ್ತು ದಿನಗಳಲ್ಲಿ ಸೇನಾಧಿಕಾರಿ’. ಕೆಳಗೆ ಸಣ್ಣಕ್ಷರಗಳಲ್ಲಿ, ಅರ್ಹತಾ ಪರೀಕ್ಷೆಯ ಸಂದರ್ಶನಕ್ಕೆ ಐನೂರು ಪ್ರಶ್ನೋತ್ತರಗಳು. ನಕ್ಕಳು ಎಂದರೆ ಕಡಿಮೆಯಾದೀತು. ಗೋಡೆ ಹಿಡಿದುಕೊಂಡು ನಕ್ಕಳು.

“ಅಂಗಡಿಯವನು ಏನಂದ?”

“ಮಗನಿಗಾ ಸರ್, ಅಂದ. ನನಗೇ ಅಂದೆ.”

“ಅದಕ್ಕೆ?”

“ಧೈರ್ಯವಾಗಿರಿ ಸರ್, ಅಂದ.”

ಅವನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಕಳೆದ ಸಲದ ಸಂದರ್ಶನದಲ್ಲಿ ಅವನು ಎಡವಿದ್ದ. ಎತ್ತರದ ಬೆಟ್ಟದ ಠಾಣೆಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂಬ ಮಾತು ಬಂದಾಗ, ನೂರಕ್ಕಿಂತ ಹೆಚ್ಚು ಎಂದು ಎದೆಯುಬ್ಬಿಸಿ ಹೇಳಿದ್ದ. ಸಾಲದ್ದಕ್ಕೆ ಕಾರಣವನ್ನೂ ಕೊಟ್ಟಿದ್ದ: ಬೆಟ್ಟ ಸೂರ್ಯನಿಗೆ ಹತ್ತಿರ. ಕೋಣೆಯಲ್ಲಿದ್ದ ಉಳಿದ ಮೂವರೂ ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ನಕ್ಕರು. ಅವರಲ್ಲೊಬ್ಬ ಅವನ ಅರ್ಧ ವಯಸ್ಸಿನವನು. ಅವನಂತೂ ಬಹಳ ವಿನಯದಿಂದ ತಪ್ಪನ್ನು ತಿದ್ದಿದ. ನಗೆಗಿಂತ ಆ ವಿನಯವೇ ಹೆಚ್ಚು ಉರಿಯಿತು.

ವಾರದಲ್ಲಿ ಮೇಲಿನಿಂದ ಕಾಗದ ಬಂತು. ಇನ್ನೊಂದೇ ಅವಕಾಶ. ಮತ್ತೆ ನಗೆಪಾಟಲಾದರೆ ಕಂಬಳಿ ಉಗ್ರಾಣಕ್ಕೆ ವರ್ಗ. ಆ ಉಗ್ರಾಣದಲ್ಲಿ ದೇಶಕ್ಕಿರುವ ಏಕೈಕ ಶತ್ರು ನುಸಿ. ಇಪ್ಪತ್ತಾರು ವರ್ಷ ಬೂಟು ಸವೆಸಿದವನಿಗೆ ನುಸಿಗುಳಿಗೆಯ ವಾಸನೆಯಲ್ಲಿ ಸೇವೆ ಮುಗಿಸುವ ಆಸೆ ಇರಲಿಲ್ಲ.

ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಭಾವಮೈದನಿಗೆ ಹೇಳಿಕಳಿಸಿದರು. ಆತ ಅಡುಗೆಮನೆಯಲ್ಲಿ ನೀರಿನ ಪಾತ್ರೆ ಇಟ್ಟು, ಎಂಟನೆಯ ತರಗತಿಗೆ ಹೇಳುವಷ್ಟೇ ತಾಳ್ಮೆಯಿಂದ ಶುರು ಮಾಡಿದ.

“ನೋಡಿ ಭಾವ, ಮೇಲೆ ಹೋದಂಗೆ ಗಾಳಿಯ ಒತ್ತಡ ಕಡಿಮೆ. ಅದಕ್ಕೇ ನೀರು ನೂರು ಡಿಗ್ರಿ ಮುಟ್ಟೋಕೆ ಮುಂಚೆ, ಬೇಗ ಕುದಿಯತ್ತೆ.”

“ಹಂಗಾದ್ರೆ ಅನ್ನ ಬೇಗ ಬೇಯಬೇಕಲ್ಲ?”

“ಇಲ್ಲ. ಕುದಿಯೋದು ಬೇಗ, ಬೇಯೋದು ನಿಧಾನ. ಕೆಲವರು ಹಾಗೇ ಇರ್ತಾರೆ ಭಾವ.”

ಹೆಂಡತಿ ಪಾತ್ರೆಯ ಕಡೆ ತಿರುಗಿ ನಿಂತಳು. ಅವಳ ಹೆಗಲು ಕುಲುಕುತ್ತಿತ್ತು.

ಅವನು ಛಲ ಬಿಡಲಿಲ್ಲ. ದಿನಕ್ಕೆ ಹದಿನೇಳು ಪ್ರಶ್ನೆ ಎಂದು ಲೆಕ್ಕ ಹಾಕಿ, ಉತ್ತರ ಸಮೇತ ಉರು ಹೊಡೆದ. ಸ್ನಾನ ಮಾಡುವಾಗ ನದಿಗಳು, ಬೂಟಿಗೆ ಪಾಲಿಶ್ ಹಾಕುವಾಗ ನ್ಯೂಟನ್ನನ ನಿಯಮಗಳು. ಕೂರುವುದನ್ನೂ ಕಲಿತ. ಬೆನ್ನು ನೆಟ್ಟಗೆ, ಮೊಣಕೈ ಮೇಜಿನಿಂದಾಚೆ, ಕಣ್ಣು ಎದುರಿನವರ ಹುಬ್ಬುಗಳ ನಡುವೆ. ಇದು ಎಂಬತ್ತನೆಯ ಪುಟದ ಸಲಹೆ. ಊಟಕ್ಕೂ ಹಾಗೇ ಕೂತದ್ದರಿಂದ ಸಾರು ಅಂಗಿಯ ಮೇಲಾಯಿತು. ಅದಕ್ಕೆ ಪುಸ್ತಕದಲ್ಲಿ ಸಲಹೆ ಇರಲಿಲ್ಲ.

ಕೊನೆಯ ಭಾನುವಾರ ಹೆಂಡತಿ ಪುಸ್ತಕ ಹಿಡಿದು ಸಂಖ್ಯೆ ಕೂಗಿದಳು. “ಇನ್ನೂರಾ ಆರು.”

ಅವನು ಪ್ರಶ್ನೆ ಹೇಳಿದ, ಉತ್ತರ ಹೇಳಿದ, ಮುದ್ರಣದೋಷವನ್ನೂ ಹೇಳಿದ.

“ಎಲ್ಲಾ ಸರಿ ಇದೆ. ಗಂಟಲು ಯಾಕೆ ನಡುಗತ್ತೆ? ಎದುರಿಗೆ ಕೂತಿರೋರೇನು ಹುಲಿನಾ?”

“ಹುಲಿ ಆದ್ರೆ ಪರವಾಗಿಲ್ಲ ಕಣೇ. ಹುಲಿ ನಗಲ್ಲ.”

ಅವಳು ಪುಸ್ತಕ ಮುಚ್ಚಿದಳು. ಮೊದಲ ಸಲ ತಮಾಷೆ ಮಾಡಲಿಲ್ಲ. “ಉಗ್ರಾಣಕ್ಕೆ ಕಳಿಸಿದ್ರೂ ನಾನು ಜೊತೆಗೆ ಬರ್ತೀನಿ. ಈಗ ಮಲಗಿ.”

ಸೋಮವಾರ ಬೆಳಿಗ್ಗೆ ಪರೀಕ್ಷಾ ಕೇಂದ್ರದ ಪಡಸಾಲೆಯಲ್ಲಿ ಎಳೆಮೀಸೆಯ ಹುಡುಗರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬನ ತೊಡೆಯ ಮೇಲೂ ಅದೇ ಪುಸ್ತಕ. ಅವನನ್ನು ಕಂಡೊಡನೆ ಎಲ್ಲರೂ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅವನೂ ತನ್ನ ಚೀಲವನ್ನು ಕಂಕುಳಿಗೆ ಒತ್ತಿಕೊಂಡ. ಇದಕ್ಕೆ ಅಧಿಕಾರಿಗಳ ನಡುವಿನ ಸೋದರಭಾವ ಎನ್ನುತ್ತಾರೆ, ಪುಟ ಹದಿನಾಲ್ಕು.

ಹತ್ತು ಗಂಟೆಗೆ ಶುರುವಾಯಿತು. ಒಳಗೆ ಹಸಿರು ಬಟ್ಟೆ ಹೊದಿಸಿದ ಮೇಜು, ನಾಲ್ಕು ಜನ, ಒಂದು ಹೂಜಿ ನೀರು. ಬೆನ್ನು ನೆಟ್ಟಗೆ. ಮೊಣಕೈ ಆಚೆ. ಕಣ್ಣು ಹುಬ್ಬುಗಳ ನಡುವೆ. ಸೇನೆಗೇ ಯಾಕೆ ಬರಬೇಕು ಎಂಬ ಪ್ರಶ್ನೆ ಬಂತು. ಮೂರನೆಯ ಪುಟದ ಉತ್ತರ ಹೋಯಿತು, ಒಂದು ಅಲ್ಪವಿರಾಮವೂ ಬೀಳದೆ. ನದಿಗಳು ಹರಿದವು. ನ್ಯೂಟನ್ನನ ಮೂರು ನಿಯಮಗಳೂ ಕ್ರಮವಾಗಿ ನಿಂತವು. ಯಾರೂ ನಗಲಿಲ್ಲ.

ನಾಯಕನಿಗಿರಬೇಕಾದ ಹದಿನೈದು ಗುಣಗಳಲ್ಲಿ ಹನ್ನೆರಡು ಸಲೀಸಾಗಿ ಬಂದವು. ಹದಿಮೂರನೆಯದರ ಬಳಿ ತಡೆಯಿತು. ಯಾರೋ ಪೆನ್ಸಿಲು ತಟ್ಟಿದರು. ಕಂಬಳಿಗಳ ಗುಡ್ಡ ಅವನ ಕಣ್ಣ ಮುಂದೆ ಎದ್ದುನಿಂತಿತು.

“ಸಮಯಸ್ಫೂರ್ತಿ!” ಎಂಬ ಮಾತು ತಾನಾಗಿಯೇ ಅವನ ಬಾಯಿಂದ ಹಾರಿತು.

ಉಳಿದ ಎರಡು ಗುಣಗಳು ಅದರ ಬಾಲ ಹಿಡಿದು ಬಂದವು. ಮೇಜಿನ ಸುತ್ತ ತಲೆಗಳು ತೂಗಿದವು. ಇಬ್ಬರು ಸದಸ್ಯರ ಮುಖದಲ್ಲಿ, ಅವನ ಜೀವಮಾನದಲ್ಲೇ ಮೊದಲ ಬಾರಿಗೆ, ಗೌರವದಂಥದ್ದು ಕಾಣಿಸಿತು. ಗೆದ್ದೆ ಎಂದು ಅವನಿಗೆ ಗೊತ್ತಾಯಿತು. ಉಗ್ರಾಣ ತಪ್ಪಿತು. ನುಸಿಗಳು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಉತ್ತರಗಳನ್ನೆಲ್ಲ ಒಪ್ಪಿಸಿ ಎದುರಿನ ಕುರ್ಚಿಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಹುಡುಗನ ಹೆಸರಿನ ಮುಂದೆ ‘ಆಯ್ಕೆ’ ಎಂದು ಬರೆದು ಸಂದರ್ಶನ ಮಂಡಳಿಯ ಅಧ್ಯಕ್ಷನೆಂಬ ತನ್ನ ಮೊಹರು ಒತ್ತಿ, ಅವನು ಗಂಟೆ ಬಾರಿಸಿದ: “ಮುಂದಿನ ಅಭ್ಯರ್ಥಿಯನ್ನು ಕಳಿಸಿ.”