ಬಾಕಿ ಉಳಿದ ಆಮೆನ್

“...ಮತ್ತೆ ಕರ್ತನೇ, ನಾಳೆ ನಮ್ ಭಾವನ ಮಗಳ ಮದುವೆ. ಇವ್ರು ತೆಪ್ಪಗೆ ಇಸ್ತ್ರಿ ಅಂಗಿ ಹಾಕ್ಕೊಂಡು, ಮುಖ ಗಂಟು ಹಾಕ್ಕೊಳ್ದೆ ಚರ್ಚಿಗೆ ಬರೋ ಹಾಗೆ ಮಾಡಪ್ಪಾ. ಆಮೆನ್,” ಎಂದು ಹೆಂಡತಿ ಪ್ರಾರ್ಥನೆ ಮುಗಿಸಿದಳು.

“ಆಮೆನ್,” ಎಂದಳು ಅಮ್ಮ.

ಮೆಕ್ಯಾನಿಕ್ ಗಂಡ ಮಾತ್ರ ಬಾಯಿಗೆ ಬೀಗ ಜಡಿದು ಕೂತ. ಮೋಸ! ಶುದ್ಧ ಮೋಸ! ನೇರವಾಗಿ ಕೇಳಿದರೆ ತಾನು ಆಗಲ್ಲ ಅನ್ನುತ್ತೇನೆಂದು ಗೊತ್ತಿದ್ದೇ ಇವಳು ದೇವರ ಕಡೆಯಿಂದ ಶಿಫಾರಸು ತಂದಿದ್ದಾಳೆ. ಊಟಕ್ಕೆ ಮೊದಲಿನ ಈ ಪ್ರಾರ್ಥನೆಗೆ ಕಾನೂನು ಬರೆದವನು ಅವನೇ. ಪ್ರತಿಯೊಬ್ಬರ ಪ್ರಾರ್ಥನೆಗೂ ಎಲ್ಲರೂ ಆಮೆನ್ ಹೇಳಬೇಕು. ಹೇಳುವ ತನಕ ಯಾರೂ ಕಣ್ಣು ತೆರೆಯುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಈಗ ಅವನ ಕಾನೂನಿಗೆ ಅವನೇ ಸಿಕ್ಕಿಬಿದ್ದಿದ್ದ. ಮೇಜಿನ ಮೇಲೆ ಹುರಿದ ಮೀನು ಬೇರೆ ಘಮಘಮ ಅನ್ನುತ್ತಾ ತಣ್ಣಗಾಗುತ್ತಿತ್ತು.

ಆಮೆನ್ ಅಂದರೆ ಒಪ್ಪಿದ ಹಾಗೆ. ಒಪ್ಪುವುದಾದರೂ ಹೇಗೆ? ಚರ್ಚಿನ ಗಾಯನ ಮಂಡಳಿ ನಡೆಸುವ ಅಣ್ಣ, ಮಗಳ ಮದುವೆ ಹಾಡಿನ ಅಭ್ಯಾಸದ ದಿನ, ಎಲ್ಲರೆದುರೇ ಇವನನ್ನು ಮುಂದಿನ ಸಾಲಿನಿಂದ ಎತ್ತಿ ಕಂಬದ ಹಿಂದೆ ನಿಲ್ಲಿಸಿದ್ದ. “ನಿನ್ ಗಂಟಲು ಮಿಕ್ಕೋರನ್ನೆಲ್ಲ ನುಂಗ್ತಾ ಇದೆ ಕಣೋ. ಇದು ನಿನ್ ಗ್ಯಾರೇಜ್ ಅಲ್ಲ” ಅಂದಿದ್ದ. ಇವನು ಸುಮ್ಮನಿರುವ ಆಸಾಮಿಯೇ? “ಕಂಬದ ಹಿಂದೆ ನಿಲ್ಲೋಕೆ ನಾನೇನು ಪೊರಕೆ ಅಲ್ಲ! ಇವತ್ತಿಂದ ನಿನಗೆ ತಮ್ಮ ಇಲ್ಲ, ನನಗೆ ಅಣ್ಣ ಇಲ್ಲ!” ಎಂದು ಗುಡುಗಿ, ಹಿನ್ನೆಲೆ ಸಂಗೀತವೊಂದನ್ನು ಬಿಟ್ಟು ಎಲ್ಲವೂ ಇದ್ದ ಸಿನಿಮಾ ಹೀರೋ ನಡಿಗೆಯಲ್ಲಿ ಹೊರಟುಬಂದಿದ್ದ.

“ಒಬ್ಬರ ಆಮೆನ್ ಕೇಳಿಸ್ಲಿಲ್ಲ,” ಎಂದಳು ಅಮ್ಮ.

“ಇರಮ್ಮಾ, ನನ್ ಪ್ರಾರ್ಥನೆ ಇನ್ನೂ ಆಗಿಲ್ಲ. ಎಲ್ಲಾ ಸೇರ್ಸಿ ಒಟ್ಟಿಗೆ ಹೇಳ್ತೀನಿ,” ಎಂದು ಅವನು ಗಂಟಲು ಸರಿಮಾಡಿಕೊಂಡ. “ಕರ್ತನೇ! ನಿನ್ನ ಮುಂದೆ ಎದೆಯೊಡ್ಡಿ ನಿಂತಿದೀನಿ!” ಕೂತೇ ಇದ್ದ. “ಕೆಲವರು ಮನೆ ಜಗಳಾನೆಲ್ಲ ನಿನ್ ಹತ್ರ ರಿಪೇರಿಗೆ ತರ್ತಾರೆ. ಅಂಥವರಿಗೆ ಒಳ್ಳೇ ಬುದ್ಧಿ ಕೊಡು.”

“ಕರ್ತನೇ,” ಹೆಂಡತಿ ನಡುವೆ ನುಗ್ಗಿದಳು, “ಕೆಲವರು ಭಾನುವಾರ ‘ಕ್ಷಮಿಸ್ತೀವಿ, ಕ್ಷಮಿಸ್ತೀವಿ’ ಅಂತ ಚರ್ಚಿನ ಸೂರು ಹಾರಿಹೋಗೋ ಹಾಗೆ ಕೂಗ್ತಾರೆ. ಮನೆಗೆ ಬರೋ ಅಷ್ಟರಲ್ಲಿ ಮರ್ತುಹೋಗಿರುತ್ತೆ. ಅಂಥವರಿಗೆ ಜ್ಞಾಪಕಶಕ್ತಿ ಕೊಡು.”

“ಲೇ, ಪ್ರಾರ್ಥನೆ ನಡುವೆ ಬಾಯಿ ಹಾಕ್ಬಾರ್ದು!”

“ನಿಮ್ ಹತ್ರ ಯಾರ್ರೀ ಮಾತಾಡ್ತಿರೋದು? ನಾನು ದೇವ್ರ ಹತ್ರ ಮಾತಾಡ್ತಿದೀನಿ.”

“ಬೇಗ ಮುಗಿಸ್ರೋ. ಪಾಪ, ಅವನಿಗೂ ಬೇರೆ ಮನೆಗಳಿರುತ್ತೆ,” ಎಂದಳು ಅಮ್ಮ.

ಮೆಕ್ಯಾನಿಕ್ ಈಗ ಕ್ಲೈಮ್ಯಾಕ್ಸಿಗೇ ಗೇರು ಬದಲಿಸಿದ. “ತಂದೆಯೇ! ಆ ಹುಡುಗೀನ ಹೆಗಲ ಮೇಲೆ ಹೊತ್ತು ತಿರುಗಿದ್ದು ಯಾರು? ನಾನು! ‘ಚಿಕ್ಕಪ್ಪಾ, ನನ್ ಮದುವೇಲಿ ನೀನೇ ಜೋರಾಗಿ ಹಾಡ್ಬೇಕು’ ಅಂತ ಅವಳು ಕೇಳಿದ್ದು ಯಾರನ್ನ? ನನ್ನ! ಅಂಥಾ ನನ್ನ ಊರೆಲ್ಲ ನೋಡೋ ಹಾಗೆ ಮೂಲೆಗೆ ತಳ್ಳಿದ್ನಲ್ಲ ನಮ್ಮಣ್ಣ! ನಾಲ್ಕು ಜನರನ್ನ ಹಾಡಿಸ್ತೀನಿ ಅನ್ನೋ ಗರ್ವ ಅವನ ನೆತ್ತಿಗೇರಿದೆ. ಆ ಗರ್ವಾನ ಮುರೀ ತಂದೆ! ಪುಡಿಪುಡಿ ಮಾಡು!”

“ಆಮೆನ್.”

ಅದು ಹೆಂಡತಿಯ ದನಿಯಲ್ಲ. ಅಮ್ಮನದೂ ಅಲ್ಲ. ಬಾಗಿಲ ಕಡೆಯಿಂದ ಬಂದಿತ್ತು. ತುಂಬಿದ ಗಂಟಲಿನ, ಶ್ರುತಿ ಒಂದಿಷ್ಟೂ ಜಾರದ ಆಮೆನ್. ಇಡೀ ಚರ್ಚಿನಲ್ಲಿ ಹಾಗೆ ಹೇಳುವವನು ಒಬ್ಬನೇ.

ಮೆಕ್ಯಾನಿಕ್ ಕಾನೂನು ಮುರಿದು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದ. ಅಣ್ಣನೇ. ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ತಮ್ಮನನ್ನು ಮದುವೆಗೆ ಕರೆಯಲೆಂದು ಬಂದವನು ಪ್ರಾರ್ಥನೆ ಕಿವಿಗೆ ಬಿದ್ದದ್ದೇ ಇದ್ದಲ್ಲೇ ನಿಂತುಬಿಟ್ಟಿರಬೇಕು. ಕೈ ಜೋಡಿಸಿದ್ದ. ತಲೆ ತಗ್ಗಿಸಿದ್ದ. ಪೆಟ್ಟು ಬೀಳಲೆಂದು ಕಾಯುವವನ ಹಾಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಮೆಕ್ಯಾನಿಕ್ ತಟ್ಟನೆ ತನ್ನ ಕಣ್ಣು ಮುಚ್ಚಿದ. ಅಣ್ಣ ಬೈದಿದ್ದರೆ ಎದುರಿಗೆ ಎಸೆಯಲು ಡೈಲಾಗ್ ಇತ್ತು. ಕಾಲರ್ ಹಿಡಿದಿದ್ದರೆ ಅದಕ್ಕೂ ಒಂದು ಇತ್ತು. ಕೈ ಮುಗಿದು ನಿಂತು ಆಮೆನ್ ಅಂದವನಿಗೆ ಏನು ಹೇಳುವುದು? ಇಷ್ಟು ವರ್ಷ ನೋಡಿದ ಸಿನಿಮಾಗಳನ್ನೆಲ್ಲ ತಲೆಯೊಳಗೆ ಹಿಂದೆ ಮುಂದೆ ಓಡಿಸಿದ.

“ಮಗನೇ,” ಎಂದಳು ಅಮ್ಮ ಮೆಲ್ಲಗೆ, “ನಿಂದೊಂದೇ ಬಾಕಿ.”

“ಅಣ್ಣನ ಹತ್ರಾನೇ ಹೋಗಿ ಹೇಳ್ತೀನಿ ಬಿಡಮ್ಮಾ.”

ಅವನು ಎದ್ದ. ಕಣ್ಣು ತೆರೆದರೆ ಅಣ್ಣನ ಮುಖ ನೋಡಬೇಕಾಗುತ್ತಿತ್ತು, ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಎರಡೂ ಕೈ ಮುಂದೆ ಚಾಚಿ, ತಡವರಿಸುತ್ತಾ, ಸ್ವಂತ ಮನೆಯಲ್ಲೇ ದಾರಿ ತಪ್ಪಿದವನ ಹಾಗೆ ಬಾಗಿಲ ಕಡೆಗೆ ಹೆಜ್ಜೆ ಹಾಕಿದ.

ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ ಹೆಂಡತಿ, ಅವನ ದಾರಿಗೆ ಅಡ್ಡವಿದ್ದ ಸ್ಟೂಲನ್ನು ಕಾಲಿನಿಂದ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದಳು.